ರೀಡಿಂಗ್ ಬಂದಂತೆ ಬರೆಯಿರಿ

(ಮುಂಬಯಿಯ ಮಾಟುಂಗದಲ್ಲಿ ನಮ್ಮ ಕನ್ನಡ ಬಳಗದವರು ಸೇರಿದಾಗ, ಕಾಲೇಜು ಮಕ್ಕಳು ಮತ್ತು ಅವರ ಮನೆಯವರ ಎದುರು ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆಮಿಸ್ಟ್ರಿ ಪ್ರಾಕ್ಟಿಕಲ್ ಹೇಳಿಕೊಟ್ಟವರೆಲ್ಲ ಕೇಳಿರುವ ಒಂದು ಪ್ರಶ್ನೆ ಇದೆ. ಹುಡುಗಿ ಬ್ಯೂರೆಟ್ ಮುಂದೆ, ಅಂದರೆ ಗೆರೆ ಹಾಕಿದ, ಕೆಳಗೆ ನಲ್ಲಿ ಇರುವ ಗಾಜಿನ ಕೊಳವೆಯ ಮುಂದೆ, ನಿಂತಿರುತ್ತಾಳೆ. ಫ್ಲಾಸ್ಕಿನಲ್ಲಿ ಬಣ್ಣ ತಿರುಗಿದೆ. ರೀಡಿಂಗ್ 9.6. ಅದನ್ನು ಬರೆಯುವ ಮೊದಲು ನನ್ನ ಕಡೆ ತಿರುಗಿ ಕೇಳುತ್ತಾಳೆ: "ಮೇಡಂ, ಎಷ್ಟು ಬರಬೇಕು?"

ನಾನು ಕೊಡುತ್ತಿದ್ದ ಉತ್ತರ ಒಂದೇ. "ಎಷ್ಟು ಬಂತೋ ಅಷ್ಟು ಬರಿ."

ಅವಳಿಗೆ ಸಮಾಧಾನ ಆಗುತ್ತಿರಲಿಲ್ಲ. ಯಾಕೆ ಆಗುವುದಿಲ್ಲ, ಆಗಬೇಕಾದರೆ ನಾವು ಏನು ಮಾಡಬೇಕು, ಇವತ್ತು ಅದನ್ನೇ ಮಾತಾಡೋಣ.

ಮನೆಯವರಿಗಾಗಿ ಮೊದಲು ಎರಡು ಮಾತು. ಒಂದು ವಸ್ತುವಿನಲ್ಲಿ ಏನೇನಿದೆ ಅಂತ ಕಂಡುಹಿಡಿಯುವುದು ಒಂದು ಕೆಲಸ. ಎಷ್ಟೆಷ್ಟಿದೆ ಅಂತ ಹೇಳುವುದು ಇನ್ನೊಂದು. ಎರಡನೆಯದೇ ಕಷ್ಟ. ಕಾಲೇಜಿನಲ್ಲಿ ಅದನ್ನು ಹಳೆಯ ಎರಡು ದಾರಿಯಲ್ಲಿ ಕಲಿಸುತ್ತಾರೆ. ಬೇಕಾದ ವಸ್ತುವನ್ನು ದ್ರಾವಣದಿಂದ ಗಟ್ಟಿ ಪುಡಿಯಾಗಿ ಇಳಿಸಿ, ಸೋಸಿ, ಒಣಗಿಸಿ, ತೂಗುವುದು ಒಂದು ದಾರಿ. ಇದು ಗ್ರಾವಿಮೆಟ್ರಿ. ಶಕ್ತಿ ಎಷ್ಟೆಂದು ಮೊದಲೇ ಗೊತ್ತಿರುವ ಇನ್ನೊಂದು ದ್ರಾವಣವನ್ನು ಬ್ಯೂರೆಟ್‌ನಿಂದ ಹನಿಹನಿಯಾಗಿ ಬಿಟ್ಟು, ಎರಡರ ಲೆಕ್ಕ ಸರಿಹೋದ ಗಳಿಗೆಯನ್ನು ಬಣ್ಣ ನೋಡಿ ಹಿಡಿಯುವುದು ಎರಡನೇ ದಾರಿ. ಇದು ಟೈಟ್ರೇಶನ್.

ಈಗ ಎಲ್ಲಕ್ಕೂ ಮೆಷಿನ್ ಬಂದಿದೆಯಲ್ಲ, ಇದನ್ನೆಲ್ಲ ಇನ್ನೂ ಯಾಕೆ ಕಲಿಸುತ್ತೀರಿ? ತಂದೆತಾಯಿ ಹೀಗೆ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಹುಡುಕಲು ದೂರ ಹೋಗುವುದು ಬೇಡ. ಮಾಟುಂಗದಲ್ಲಿ ರೈಲು ಹತ್ತಿ ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಚಿನ್ನದ ಪೇಟೆ ಜವೇರಿ ಬಜಾರ್ ನಡೆದು ಹೋಗುವಷ್ಟೇ ದೂರ.

ಅಲ್ಲಿ ಒಡವೆಯನ್ನು ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಮೆಷಿನ್ನಿನಲ್ಲಿ ಇಟ್ಟರೆ ಸ್ವಲ್ಪ ಹೊತ್ತಿಗೇ ಪರದೆಯ ಮೇಲೆ ಅಂಕಿ ಬರುತ್ತದೆ. ಒಡವೆಗೆ ಏನೂ ಆಗುವುದಿಲ್ಲ. ಆದರೆ ಆ ಕಿರಣ ನೋಡುವುದು ಮೇಲಿನ ತೆಳು ಪದರವನ್ನು ಮಾತ್ರ. ಒಳಗೆ ಬೇರೇನಾದರೂ ಇದ್ದರೆ ಅದಕ್ಕೆ ತಿಳಿಯುವುದಿಲ್ಲ. 2021ರ ಜೂನ್‌ನಿಂದ ನಮ್ಮ ದೇಶದಲ್ಲಿ ಹಂತಹಂತವಾಗಿ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಾಯಿತು. 22 ಕ್ಯಾರಟ್ ಬಳೆಯ ಮೇಲೆ 916 ಅಂತ ಮುದ್ರೆ ಇರುತ್ತದಲ್ಲ, ಆ ಅಂಕಿಗೆ ಕೊನೆಯ ಆಧಾರ ಬೆಂಕಿ ಮತ್ತು ತಕ್ಕಡಿ.

ಹೇಗೆ ಅಂತ ಹೇಳುತ್ತೇನೆ. ಚಿನ್ನದ ಚೂರು ತೆಗೆದು ಸುಮಾರು ಕಾಲು ಗ್ರಾಂ ತೂಗುತ್ತಾರೆ. ಅದಕ್ಕೆ ಲೆಕ್ಕ ಹಾಕಿದ ಬೆಳ್ಳಿ ಸೇರಿಸಿ ಸೀಸದ ಹಾಳೆಯಲ್ಲಿ ಸುತ್ತುತ್ತಾರೆ. ಕುಪೆಲ್ ಅನ್ನುವ ಪುಟ್ಟ ಬಟ್ಟಲಿನಲ್ಲಿಟ್ಟು 1000 ಡಿಗ್ರಿಗೂ ಮೇಲಿನ ಕುಲುಮೆಗೆ ಹಾಕುತ್ತಾರೆ. ಸೀಸ ಆಕ್ಸೈಡ್ ಆಗಿ ಬಟ್ಟಲಿಗೆ ಇಂಗುತ್ತದೆ. ಹೋಗುವಾಗ ತಾಮ್ರದಂಥ ಬೆರಕೆಯನ್ನೂ ಎಳೆದುಕೊಂಡು ಹೋಗುತ್ತದೆ. ಬಟ್ಟಲಿನಲ್ಲಿ ಚಿನ್ನ ಬೆಳ್ಳಿಯ ಒಂದು ಮಣಿ ಉಳಿಯುತ್ತದೆ. ಅದನ್ನು ತಟ್ಟಿ ಹಾಳೆ ಮಾಡಿ, ಸುರುಳಿ ಸುತ್ತಿ, ನೈಟ್ರಿಕ್ ಆಸಿಡ್‌ನಲ್ಲಿ ಕುದಿಸಿದರೆ ಬೆಳ್ಳಿ ಕರಗಿ ಹೋಗುತ್ತದೆ. ಉಳಿದ ಚಿನ್ನವನ್ನು ತೊಳೆದು, ಕಾಯಿಸಿ, ತೂಗುತ್ತಾರೆ. ಕೊನೆಯ ತೂಕವನ್ನು ಮೊದಲಿನ ತೂಕದಿಂದ ಭಾಗಿಸಿದರೆ ಉತ್ತರ ಬಂತು.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಇನ್ನೊಂದು ಸಂಗತಿ. ಅದೇ ಕುಲುಮೆಯಲ್ಲಿ, ಅದೇ ಹೊತ್ತಿಗೆ, ಶುದ್ಧತೆ ಮೊದಲೇ ಗೊತ್ತಿರುವ ಚಿನ್ನದ ಚೂರುಗಳನ್ನೂ ಇಡುತ್ತಾರೆ. ಅವುಗಳಲ್ಲಿ ಎಷ್ಟು ಏರುಪೇರಾಯಿತು ಅಂತ ನೋಡಿ, ಗೊತ್ತಿಲ್ಲದ ಚಿನ್ನದ ಲೆಕ್ಕವನ್ನು ತಿದ್ದುತ್ತಾರೆ. ಅಂದರೆ ಈ ವಿಧಾನ ತನ್ನ ಕೊರತೆಯನ್ನು ತಾನೇ ಅಳೆದು ಹೇಳುತ್ತದೆ. ಮೆಷಿನ್ನಿಗೆ ಅಂಕಿ ಕಲಿಸುವುದಕ್ಕೂ ಗೊತ್ತಿರುವ ಚಿನ್ನ ಬೇಕು. ಆ ಚಿನ್ನದಲ್ಲಿ ಎಷ್ಟಿದೆ ಅಂತ ಮೊದಲು ಯಾರೋ ತೂಗಿ ಹೇಳಿರಬೇಕು, ಅಲ್ವಾ?

ಬೆಳ್ಳಿಯ ಕತೆ ಇನ್ನೂ ಸ್ವಾರಸ್ಯದ್ದು. ಬೆಳ್ಳಿ ನಾಣ್ಯವನ್ನು ಹೀಗೆ ಬೆಂಕಿಯಲ್ಲಿ ಅಳೆದರೆ ಸ್ವಲ್ಪ ಬೆಳ್ಳಿ ಕಳೆದುಹೋಗಿ ಲೆಕ್ಕ ಕಡಿಮೆ ಬರುತ್ತಿತ್ತು. ಪ್ಯಾರಿಸ್ಸಿನ ಟಂಕಸಾಲೆಗಾಗಿ ಫ್ರೆಂಚ್ ವಿಜ್ಞಾನಿ ಗೇ ಲ್ಯೂಸ್ಸಾಕ್ 1832ರಲ್ಲಿ ಬೇರೆ ದಾರಿ ಕೊಟ್ಟ. ಬೆಳ್ಳಿಯನ್ನು ಆಸಿಡ್‌ನಲ್ಲಿ ಕರಗಿಸಿ, ಲೆಕ್ಕದ ಉಪ್ಪಿನ ನೀರು ಬಿಡುತ್ತಾ ಹೋಗುವುದು. ಉಪ್ಪು ಬಿದ್ದಲ್ಲೆಲ್ಲ ಮೊಸರಿನಂಥ ಬಿಳಿ ಸಿಲ್ವರ್ ಕ್ಲೋರೈಡ್. ಚೆನ್ನಾಗಿ ಕುಲುಕಿದರೆ ಅದು ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗುತ್ತದೆ. ಇನ್ನೊಂದು ಹನಿಗೆ ಮತ್ತೆ ಮಬ್ಬು ಬಂದರೆ ಬೆಳ್ಳಿ ಇನ್ನೂ ಇದೆ. ಮಬ್ಬು ಬರದಿದ್ದರೆ ಮುಗಿಯಿತು. ಬಣ್ಣ ತಿರುಗಿಸಿ ತೋರಿಸುವ ಇಂಡಿಕೇಟರ್ ಇಲ್ಲ, ಏನಿಲ್ಲ. ನಾಣ್ಯದ ನಂಬಿಕೆ ಒಂದು ಹನಿಯ ಮೇಲೆ ನಿಂತಿತ್ತು.

ಹನಿಯ ಬೆಲೆ ಗೊತ್ತಾಗಬೇಕಾದರೆ ಗೋವಾದ ಅದಿರಿನ ಲೆಕ್ಕ ಮಾಡಿ ನೋಡಬೇಕು. ಮಾಂಡೋವಿ, ಜುವಾರಿ ನದಿಗಳಲ್ಲಿ ಬಾರ್ಜ್‌ಗಳು ಕಬ್ಬಿಣದ ಅದಿರು ತುಂಬಿಕೊಂಡು ಮುರ್ಮಗೋವಾ ಬಂದರಿನ ಕಡೆ ಹೋಗುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅಲ್ಲಿಂದ ಜಪಾನ್, ಚೀನಾಗಳಿಗೆ ಹಡಗು. ಅದಿರಿನ ಬೆಲೆ ನಿಲ್ಲುವುದು ಅದರಲ್ಲಿ ಕಬ್ಬಿಣ ಶೇಕಡಾ ಎಷ್ಟು ಅನ್ನುವುದರ ಮೇಲೆ. ಅದನ್ನು ಹೇಳುವ ಹಳೆಯ, ಗಟ್ಟಿ ವಿಧಾನ ಡೈಕ್ರೋಮೇಟ್ ಟೈಟ್ರೇಶನ್. ಕಾಲೇಜಿನ ಮಕ್ಕಳು ಮಾಡುವುದೂ ಅದನ್ನೇ.

ಅದಿರಿನ ಪುಡಿಯನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿದರೆ ಹಳದಿ ದ್ರಾವಣ ಸಿಗುತ್ತದೆ. ಅದು ಫೆರಿಕ್ ಕಬ್ಬಿಣ. ಬಿಸಿಯಾಗಿರುವಾಗಲೇ ಸ್ಟ್ಯಾನಸ್ ಕ್ಲೋರೈಡ್ ಹನಿಹನಿಯಾಗಿ ಬಿಟ್ಟರೆ ಹಳದಿ ತೆಳುವಾಗುತ್ತಾ ಹೋಗಿ ಕೊನೆಗೆ ಮಾಯ. ಈಗ ಒಂದೆರಡು ಹನಿ ಮಾತ್ರ ಜಾಸ್ತಿ. ಆಮೇಲೆ ಚೆನ್ನಾಗಿ ತಣಿಸಿ, ಆ ಜಾಸ್ತಿಯನ್ನು ಕಳೆಯಲು ಪಾದರಸದ ಲವಣವಾದ ಮರ್ಕ್ಯುರಿಕ್ ಕ್ಲೋರೈಡ್ ಹಾಕುವುದು. ರೇಷ್ಮೆಯಂತೆ ಹೊಳೆಯುವ ತೆಳು ಬಿಳಿ ಪುಡಿ ಬಂದರೆ ಸರಿ. ಏನೂ ಬರದಿದ್ದರೆ ಸ್ಟ್ಯಾನಸ್ ಸಾಲದು. ಬೂದು ಬಣ್ಣ ಬಂದರೆ ಸ್ಟ್ಯಾನಸ್ ಅತಿಯಾಗಿ ಪಾದರಸವೇ ಕೂತಿದೆ. ಆಗ ಮುಂದೆ ಹೋಗುವ ಹಾಗಿಲ್ಲ. ಎಲ್ಲ ಬಿಟ್ಟು ಮೊದಲಿನಿಂದ ಮಾಡಬೇಕು. ಕೊನೆಗೆ ಇಂಡಿಕೇಟರ್ ಹಾಕಿ ಡೈಕ್ರೋಮೇಟ್ ಬಿಡುತ್ತಾ ಹೋದರೆ ಹಸಿರು, ಹಸಿರು, ಹಸಿರು... ಒಂದು ಹನಿಗೆ ಥಟ್ಟನೆ ನೇರಳೆ. ಪಾದರಸ ವಿಷ ಅನ್ನುವ ಕಾರಣಕ್ಕೆ ಈಗ ಅದರ ಜಾಗಕ್ಕೆ ಟೈಟೇನಿಯಂ ಕ್ಲೋರೈಡ್ ಬಳಸುವ ವಿಧಾನಗಳಿವೆ. ಒಳ್ಳೆಯದೇ ಆಯಿತು.

ಈಗ ಲೆಕ್ಕ. ಬ್ಯೂರೆಟ್‌ನ ಒಂದು ಹನಿ ಸುಮಾರು 0.05 ಮಿಲಿ. 40 ಮಿಲಿ ಟೈಟ್ರೇಶನ್‌ನಲ್ಲಿ ಎರಡು ಹನಿ ಜಾಸ್ತಿ ಹೋಯಿತು ಅನ್ನಿ. ಅಂದರೆ 0.1 ಮಿಲಿ, ಶೇಕಡಾ ಕಾಲು ಭಾಗ. ಅದಿರಿನಲ್ಲಿ ಕಬ್ಬಿಣ ಶೇಕಡಾ 58 ಇದ್ದರೆ ನೀವು 58.15 ಅಂತ ಬರೆಯುತ್ತೀರಿ. 50,000 ಟನ್ ಅದಿರಿನ ಮೇಲೆ ಆ ವ್ಯತ್ಯಾಸ 70 ಟನ್ನಿಗೂ ಜಾಸ್ತಿ ಕಬ್ಬಿಣ. ಇಲ್ಲದ ಕಬ್ಬಿಣ! ಎರಡೇ ಹನಿ.

ಯುರೇನಿಯಂ ಇಂಧನದ ಲೆಕ್ಕಪತ್ರಕ್ಕೆ ಜಗತ್ತಿನಲ್ಲಿ ಹೆಸರಾದ ಡೇವೀಸ್–ಗ್ರೇ ವಿಧಾನ ಕೂಡ ಕೊನೆಗೆ ಡೈಕ್ರೋಮೇಟ್ ಟೈಟ್ರೇಶನ್ನೇ. 1964ರದು. ಹಾಗಾಗಿ "ಹಳೆಯದು" ಅನ್ನುವ ಮಾತನ್ನು ಸ್ವಲ್ಪ ಯೋಚಿಸಿ ಆಡಬೇಕು.

ಸರಿ, ಕಾಲೇಜಿನ ಲ್ಯಾಬಿಗೆ ಬರೋಣ. ನನ್ನ ಪ್ರಕಾರ ಈ ವಿದ್ಯೆಯ ಹೃದಯ ಬೇರಿಯಂ ಸಲ್ಫೇಟ್, ಅಂದರೆ ದ್ರಾವಣದಲ್ಲಿ ಸಲ್ಫೇಟ್ ಎಷ್ಟಿದೆ ಅಂತ ಅದನ್ನು ಬೇರಿಯಂ ಸಲ್ಫೇಟಾಗಿ ಇಳಿಸಿ ತೂಗುವ ಪ್ರಯೋಗ. ಟೈಟ್ರೇಶನ್ ಬೇಗ ಮುಗಿಯುತ್ತದೆ, ಬಣ್ಣ ಚೆಂದ, ಮಕ್ಕಳಿಗೆ ಇಷ್ಟ. ಬೇರಿಯಂ ಸಲ್ಫೇಟ್‌ನಲ್ಲಿ ಬಣ್ಣವೂ ಇಲ್ಲ, ಬೇಗ ಮುಗಿಯುವುದೂ ಇಲ್ಲ. ಆದರೆ ಅದರ ಒಂದೊಂದು ಹೆಜ್ಜೆಗೂ ಕಾರಣ ಇದೆ. ಆ ಕಾರಣಗಳನ್ನು ತಿಳಿದು ಮಾಡಿದವರಿಗೆ ಉಳಿದ ಎಲ್ಲ ವಿಧಾನಗಳೂ ಕೈಗೆ ಬರುತ್ತವೆ.

ಸಲ್ಫೇಟ್ ಇರುವ ದ್ರಾವಣಕ್ಕೆ ಸ್ವಲ್ಪ ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ, ಕುದಿಯುವಷ್ಟು ಬಿಸಿ ಮಾಡಿ, ತೆಳುವಾದ ಬೇರಿಯಂ ಕ್ಲೋರೈಡನ್ನು ನಿಧಾನವಾಗಿ, ಗಾಜಿನ ಕಡ್ಡಿ ಆಡಿಸುತ್ತಾ ಬಿಡಬೇಕು. ಯಾಕೆ ಬಿಸಿ, ಯಾಕೆ ತೆಳು, ಯಾಕೆ ನಿಧಾನ? ಒಮ್ಮೆಗೇ ಸುರಿದರೆ ಲೆಕ್ಕವಿಲ್ಲದಷ್ಟು ಸಣ್ಣ ಕಣಗಳು ಹುಟ್ಟುತ್ತವೆ. ಸೋಸುವ ಕಾಗದದ ಸಂದಿಯಿಂದ ಜಾರಿ ಹೋಗುತ್ತವೆ. ನಿಧಾನವಾಗಿ ಬಿಟ್ಟರೆ ಕಡಿಮೆ ಕಣ ಹುಟ್ಟಿ, ಅವೇ ದೊಡ್ಡದಾಗುತ್ತವೆ. ಆಮೇಲೆ ಬೀಕರನ್ನು ವಾಟರ್ ಬಾತ್ ಮೇಲೆ ಒಂದು ಗಂಟೆಯಾದರೂ ಸುಮ್ನೆ ಬಿಡಬೇಕು. ಆ ಹೊತ್ತಿನಲ್ಲಿ ಸಣ್ಣ ಕಣಗಳು ಕರಗಿ ದೊಡ್ಡವುಗಳ ಮೇಲೆ ಕೂರುತ್ತವೆ. ಹರಳಿನ ಒಳಗೆ ಸಿಕ್ಕಿಕೊಂಡ ಕಸ ಸ್ವಲ್ಪ ಹೊರಗೆ ಬರುತ್ತದೆ. ಬಿಳಿ ಪುಡಿ ತಳದಲ್ಲಿ ಕೂತು ಮೇಲಿನ ನೀರು ಕನ್ನಡಿಯಂತಾದಾಗ, ಬೀಕರಿನ ಅಂಚಿನಿಂದ ಇನ್ನೊಂದು ಹನಿ ಬೇರಿಯಂ ಕ್ಲೋರೈಡ್ ಬಿಟ್ಟು ನೋಡಿ. ಮಬ್ಬು ಬರದಿದ್ದರೆ ಸಲ್ಫೇಟ್ ಎಲ್ಲ ಇಳಿದಿದೆ.

ಸೋಸಲು ವಾಟ್‌ಮನ್ 42. ಸುಟ್ಟರೆ ಬೂದಿ ಹೆಚ್ಚುಕಡಿಮೆ ಉಳಿಯದ ಕಾಗದ ಅದು. ಬಿಸಿ ನೀರಿನಿಂದ, ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ತೊಳೆಯಬೇಕು. ಒಂದೇ ಸಲ ಜಾಸ್ತಿ ನೀರು ಹಾಕುವುದಕ್ಕಿಂತ ಕಡಿಮೆ ನೀರಿನಲ್ಲಿ ಹಲವು ಸಲ ತೊಳೆದರೆ ಕೊಳೆ ಚೆನ್ನಾಗಿ ಹೋಗುತ್ತದೆ. ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ನೋಡಿ. ಮಬ್ಬು ಬಂದರೆ ಕ್ಲೋರೈಡ್ ಇನ್ನೂ ಇದೆ, ಇನ್ನೂ ತೊಳೆಯಿರಿ. ಹಾಗಂತ ತೊಳೆಯುತ್ತಲೇ ಇರುವ ಹಾಗೂ ಇಲ್ಲ. ಬೇರಿಯಂ ಸಲ್ಫೇಟ್ ಕರಗುವುದಿಲ್ಲ ಅನ್ನುತ್ತೇವೆ. ಆದರೆ 25 ಡಿಗ್ರಿಯಲ್ಲಿ ಒಂದು ಲೀಟರ್ ನೀರಿಗೆ ಸುಮಾರು ಎರಡೂವರೆ ಮಿಲಿಗ್ರಾಂ ಕರಗುತ್ತದೆ. ನಮ್ಮ ತಕ್ಕಡಿ ಓದುವುದು 0.1 ಮಿಲಿಗ್ರಾಂ ತನಕ. 200 ಮಿಲಿ ನೀರು ಸುರಿದರೆ ಅರ್ಧ ಮಿಲಿಗ್ರಾಂ ತನಕ ಹೋದೀತು, ತಕ್ಕಡಿಗೆ ಅದು ಕಾಣುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದು ಆ ಸಿಲ್ವರ್ ನೈಟ್ರೇಟ್ ಹನಿ.

ಮುಂದೆ ಸುಡುವುದು. ಕಾಗದವನ್ನು ಮಡಚಿ, ಬೆಂಕಿ ತಾಳುವ ಪುಟ್ಟ ಬಟ್ಟಲಾದ ಕ್ರೂಸಿಬಲ್‌ನಲ್ಲಿಟ್ಟು ಸಣ್ಣ ಉರಿಯಲ್ಲಿ ಕರಿಕಾಗಿಸಬೇಕು. ಜ್ವಾಲೆ ಹತ್ತಬಾರದು. ಹತ್ತಿದರೆ ಪುಡಿ ಹಾರುತ್ತದೆ. ಗಾಳಿ ಸಾಲದೆ ಬಿಸಿ ಏರಿದರೆ ಕಾಗದದ ಇಂಗಾಲ ಸಲ್ಫೇಟನ್ನು ಸಲ್ಫೈಡ್ ಮಾಡಿಬಿಡುತ್ತದೆ, ತೂಕ ಕಡಿಮೆ ಬರುತ್ತದೆ. ಕರಿ ಎಲ್ಲ ಹೋಗಿ ಪುಡಿ ಬೆಳ್ಳಗಾದ ಮೇಲೆ ಉರಿ ಏರಿಸಿ ಕೆಂಪಗೆ ಕಾಯಿಸಬೇಕು. ತೇವ ತಾಗದಂತೆ ಮುಚ್ಚಿದ ಡೆಸಿಕೇಟರ್ ಪಾತ್ರೆಯಲ್ಲಿ ತಣಿಸಿ ತೂಗಬೇಕು. ಮತ್ತೆ ಕಾಯಿಸಿ, ಮತ್ತೆ ತಣಿಸಿ, ಮತ್ತೆ ತೂಗಬೇಕು. ಎರಡು ತೂಕದ ನಡುವೆ 0.1, 0.2 ಮಿಲಿಗ್ರಾಂಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಆಮೇಲೆ ಆ ತೂಕವನ್ನು 0.4116ರಿಂದ ಗುಣಿಸಿದರೆ ಸಲ್ಫೇಟ್ ಎಷ್ಟಿತ್ತು ಅಂತ ಗೊತ್ತಾಗುತ್ತದೆ.

ಇಷ್ಟು ಬಿಡಿಸಿ ಹೇಳಿದ್ದು ಯಾಕೆಂದರೆ, ಆ ಕೊನೆಯ ಅಂಕಿಯ ಹಿಂದೆ ಏನೆಲ್ಲ ಇದೆ ಅಂತ ನೀವು ನೋಡಬೇಕು. ಅಂಕಿ ತಪ್ಪಿದರೆ ಎಲ್ಲಿ ತಪ್ಪಿರಬಹುದು ಅಂತ ಮಾಡಿದವರಿಗೆ ಗೊತ್ತು. ಕಡಿಮೆ ಬಂತಾ? ಸೋಸುವಾಗ ಜಾರಿರಬಹುದು, ಜಾಸ್ತಿ ತೊಳೆದಿರಬಹುದು, ಸಲ್ಫೈಡ್ ಆಗಿರಬಹುದು. ಜಾಸ್ತಿ ಬಂತಾ? ಬೇರಿಯಂ ಕ್ಲೋರೈಡ್ ಹರಳಿನೊಳಗೆ ಸಿಕ್ಕಿಕೊಂಡಿರಬಹುದು, ಕ್ರೂಸಿಬಲ್ ಸರಿಯಾಗಿ ಒಣಗಿರದೆ ಇರಬಹುದು. ಮೆಷಿನ್ನಿನ ಗುಂಡಿ ಒತ್ತಿ ಅಂಕಿ ಪಡೆದವರಿಗೆ ಈ ಪ್ರಶ್ನೆಗಳೇ ಹುಟ್ಟುವುದಿಲ್ಲ. ಮೆಷಿನ್ ಬೇಡ ಅಂತ ನಾನು ಹೇಳುತ್ತಿಲ್ಲ. ಲಕ್ಷದಲ್ಲಿ ಒಂದು ಭಾಗ ಸೀಸ ಹುಡುಕಲು ಬ್ಯೂರೆಟ್ ನಂಬಿ ಕೂರುವ ಹಾಗಿಲ್ಲ. ಆದರೆ ಮೆಷಿನ್ ಮುಂದೆ ಕೂರುವ ಮೊದಲು, ಒಂದು ಅಂಕಿಯನ್ನು ಸೊನ್ನೆಯಿಂದ ತನ್ನ ಕೈಯಲ್ಲೇ ಮಾಡಿದ ಅನುಭವ ಪ್ರತಿ ವಿದ್ಯಾರ್ಥಿಗೂ ಆಗಬೇಕು.

ಮುಂಬಯಿಯ ಮಕ್ಕಳಿಗೆ ಇನ್ನೊಂದು ಪಾಠ ಬಿಟ್ಟಿಯಾಗಿ ಸಿಗುತ್ತದೆ. ಅದು ಮಳೆಗಾಲ. ಜುಲೈಯಲ್ಲಿ ಕಾಸ್ಟಿಕ್ ಸೋಡಾದ ಗುಳಿಗೆಯನ್ನು ತಕ್ಕಡಿಯಲ್ಲಿಡಿ. ನೋಡುನೋಡುತ್ತಿದ್ದಂತೆ ಒದ್ದೆಯಾಗಿ ಅಂಕಿ ಏರುತ್ತಾ ಹೋಗುತ್ತದೆ. ಅದನ್ನು ತೂಗಿ ಖಚಿತ ದ್ರಾವಣ ಮಾಡುವ ಹಾಗಿಲ್ಲ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಅದರ ಶಕ್ತಿಯನ್ನು ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್‌ನಂಥ ಗಟ್ಟಿ, ಒಣ, ನಂಬಿಗಸ್ತ ವಸ್ತುವಿನ ಎದುರು ಅಳೆಯಬೇಕು. ಡೆಸಿಕೇಟರ್‌ನ ನೀಲಿ ಸಿಲಿಕಾ ಜೆಲ್ ಗುಲಾಬಿಯಾಗಿದ್ದರೆ ಅದು ನೀರು ಕುಡಿದು ಸುಸ್ತಾಗಿದೆ, ಒವೆನ್‌ನಲ್ಲಿ ಕಾಯಿಸಿ ಮತ್ತೆ ನೀಲಿ ಮಾಡಬೇಕು. ಇನ್ನು ಸೆಖೆ. ನಮ್ಮ ಗಾಜಿನ ಫ್ಲಾಸ್ಕುಗಳ ಮೇಲೆ 27 ಡಿಗ್ರಿ ಅಂತ ಕೆತ್ತಿರುತ್ತಾರೆ, ಕೆಲವದರ ಮೇಲೆ 20. ಆ ಬಿಸಿಯಲ್ಲಿ ಮಾತ್ರ ಗೆರೆಯ ತನಕ ತುಂಬಿದ ನೀರು ಸರಿಯಾಗಿ ಅಷ್ಟೇ ಇರುತ್ತದೆ. 27 ಡಿಗ್ರಿಯಲ್ಲಿ ಗೆರೆಗೆ ತುಂಬಿದ ಒಂದು ಲೀಟರ್ ದ್ರಾವಣ ಮೇ ತಿಂಗಳಿನ 33 ಡಿಗ್ರಿಯಲ್ಲಿ ಸುಮಾರು ಒಂದೂಮುಕ್ಕಾಲು ಮಿಲಿ ಉಬ್ಬುತ್ತದೆ. ಬ್ಯೂರೆಟ್‌ನಲ್ಲಿ 0.05 ಮಿಲಿಗೆ ಒದ್ದಾಡುವವರು ಇದನ್ನು ಮರೆಯಬಾರದು. ತೂಗುವಾಗ ಫ್ಯಾನ್ ಬಂದ್ ಮಾಡಿಸುತ್ತಾರೆ ಅಂತ ಮಕ್ಕಳು ಬೈದುಕೊಳ್ಳುತ್ತಾರೆ. ಬೆವರಲಿ. ಗಾಳಿಗೆ ತಕ್ಕಡಿ ಅಲುಗಾಡುವುದನ್ನು ಕಣ್ಣಾರೆ ನೋಡಿದ ಮೇಲೆ ಯಾರೂ ತಕರಾರು ಮಾಡುವುದಿಲ್ಲ.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತು.

ನಮ್ಮ ಕಾಲೇಜುಗಳಲ್ಲಿ ಟೈಟ್ರೇಶನ್ ಹೀಗೆ ನಡೆಯುತ್ತದೆ. ಮೊದಲು ಒಂದು ಪೈಲಟ್ ರೀಡಿಂಗ್. ಬೇಗಬೇಗ ಬಿಟ್ಟು 9ರಿಂದ 10ರ ನಡುವೆ ಅಂತ ಅಂದಾಜು ಮಾಡುವುದು. ಆಮೇಲೆ ಮೂರು ರೀಡಿಂಗ್. ಕೊನೆಯ ಕಾಲಂನಲ್ಲಿ ಸಿ.ಬಿ.ಆರ್., ಅಂದರೆ ಬದಲಾಗದ ಬ್ಯೂರೆಟ್ ರೀಡಿಂಗ್. ಆ ಕಾಲಂ ತುಂಬಬೇಕಾದರೆ ರೀಡಿಂಗ್‌ಗಳು ಒಂದೇ ಬರಬೇಕು. ಹಾಗಾಗಿ ಎಲ್ಲರ ಜರ್ನಲ್‌ನಲ್ಲೂ, ಅಂದರೆ ಪ್ರಾಕ್ಟಿಕಲ್ ಪುಸ್ತಕದಲ್ಲೂ, 9.6, 9.6, 9.6.

ಇದು ಹೇಗೆ ಸಾಧ್ಯ? ಬ್ಯೂರೆಟ್‌ನಲ್ಲಿ ಗೆರೆಗಳಿರುವುದು 0.1 ಮಿಲಿಗೆ ಒಂದರಂತೆ. ನಡುವಿನದು ಕಣ್ಣಂದಾಜು. ಒಂದು ಹನಿಯೇ 0.05. ಬಣ್ಣ ತಿರುಗಿದ್ದನ್ನು ಒಂದು ಸಲ ಒಂದು ಹನಿ ಮೊದಲು ಹಿಡಿಯುತ್ತೇವೆ, ಇನ್ನೊಂದು ಸಲ ಒಂದು ಹನಿ ತಡವಾಗಿ. ಪ್ರಾಮಾಣಿಕವಾಗಿ ಮಾಡಿದವರಿಗೆ 9.55, 9.65, 9.60 ಬರುತ್ತದೆ. ಇದು ಒಳ್ಳೆಯ ಕೈಯ ಗುರುತು. ಮೂರೂ ಒಂದೇ ಇದ್ದರೆ ನನಗೆ ಅನುಮಾನ ಬರುತ್ತದೆ. ಆದರೆ ನಾವು ಮಕ್ಕಳಿಗೆ ಕಲಿಸುತ್ತಿರುವುದು ಆ ಒಳ್ಳೆಯ ಗುರುತನ್ನು ಅಳಿಸಲು. ರಬ್ಬರ್ ಹಿಡಿಸುತ್ತಿರುವವರು ನಾವೇ, ಮೇಷ್ಟ್ರುಗಳು.

ಪರೀಕ್ಷೆಯಲ್ಲಿ ಇನ್ನೂ ಜಾಸ್ತಿ. ಎಕ್ಸಾಮಿನರ್ ಹತ್ತಿರ "ಸರಿಯಾದ" ಅಂಕಿ ಇರುತ್ತದೆ. ಅದಕ್ಕೆ ಇಷ್ಟು ಹತ್ತಿರ ಬಂದರೆ ಪೂರ್ತಿ ಅಂಕ, ಇಷ್ಟು ದೂರ ಹೋದರೆ ಅರ್ಧ. ಹೀಗಿರುವಾಗ ಹುಡುಗಿ "ಎಷ್ಟು ಬರಬೇಕು" ಅಂತ ಕೇಳದೆ ಇನ್ನೇನು ಕೇಳುತ್ತಾಳೆ? ಪಕ್ಕದ ಟೇಬಲ್ಲಿನ ರೀಡಿಂಗ್ ನೋಡದೆ ಇನ್ನೇನು ಮಾಡುತ್ತಾಳೆ? ತಪ್ಪು ಅವಳದಲ್ಲ.

ಅಡ್ಜಸ್ಟ್ ಮಾಡಿದ ಅಂಕಿಯಿಂದ ಏನು ಕಳೆದುಹೋಗುತ್ತದೆ ಅಂತ ನೋಡಬೇಕಾದರೆ ಲಾರ್ಡ್ ರೇಲಿಯ ಕತೆ ಕೇಳಿ. ಇಂಗ್ಲೆಂಡಿನ ವಿಜ್ಞಾನಿ ರೇಲಿ ಒಂದು ಗಾಜಿನ ಗೋಳದಲ್ಲಿ ನೈಟ್ರೋಜನ್ ತುಂಬಿ ತೂಗುತ್ತಿದ್ದ. ಗಾಳಿಯಿಂದ ಆಕ್ಸಿಜನ್ ಮತ್ತು ಉಳಿದದ್ದನ್ನೆಲ್ಲ ತೆಗೆದು ಉಳಿಸಿಕೊಂಡ ನೈಟ್ರೋಜನ್ 2.310 ಗ್ರಾಂ ತೂಗಿತು. ರಾಸಾಯನಿಕಗಳಿಂದ ತಯಾರಿಸಿದ ನೈಟ್ರೋಜನ್ ಅದೇ ಗೋಳದಲ್ಲಿ 2.299 ಗ್ರಾಂ. ವ್ಯತ್ಯಾಸ 11 ಮಿಲಿಗ್ರಾಂ. ಇನ್ನೊಬ್ಬನಾದರೆ ಎರಡನ್ನೂ 2.3 ಅಂತ ಬರೆದು ಊಟಕ್ಕೆ ಹೋಗುತ್ತಿದ್ದ. ರೇಲಿ ಹಾಗೆ ಮಾಡಲಿಲ್ಲ. ಇಂಥ ವ್ಯತ್ಯಾಸ ಮೊದಲು ಕಂಡಾಗಲೇ, ತೂಕ ಏಕೆ ಕೂಡಿಬರುತ್ತಿಲ್ಲ, ಯಾರಿಗಾದರೂ ಹೊಳೆದರೆ ಹೇಳಿ ಅಂತ 1892ರಲ್ಲಿ ವಿಜ್ಞಾನ ಪತ್ರಿಕೆಯೊಂದಕ್ಕೆ ಪತ್ರ ಬರೆದ. ಮತ್ತೆ ಮತ್ತೆ ತೂಗಿದ. ವಿಲಿಯಂ ರಾಮ್ಸೆ ಜೊತೆಗೂಡಿದ. 1894ರಲ್ಲಿ ಇಬ್ಬರೂ ಸೇರಿ ಗಾಳಿಯಲ್ಲಿ ಒಂದು ಹೊಸ ಅನಿಲ ಇದೆ ಅಂತ ಹೇಳಿದರು. ಅದೇ ಆರ್ಗಾನ್. ನಾವು ಎಳೆದುಕೊಳ್ಳುವ ಪ್ರತಿ ಉಸಿರಿನಲ್ಲೂ ಸುಮಾರು ಶೇಕಡಾ 1ರಷ್ಟು ಇರುವ ಅನಿಲ. ಅಲ್ಲಿಯ ತನಕ ಅದು ಬೇರೆಯದೇ ವಸ್ತು ಅಂತ ಯಾರಿಗೂ ಗೊತ್ತಿರಲಿಲ್ಲ. 1904ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ರೇಲಿಗೆ ಭೌತಶಾಸ್ತ್ರದ್ದು, ರಾಮ್ಸೆಗೆ ರಸಾಯನಶಾಸ್ತ್ರದ್ದು.

ಈ ರಾಮ್ಸೆ ನಮಗೆ ಹತ್ತಿರದವರೇ. ನಮ್ಮ ಮುಂಬಯಿಯ ಜಮ್ಶೆಟ್‌ಜಿ ಟಾಟಾ ಒಂದು ವಿಜ್ಞಾನ ಸಂಸ್ಥೆ ಕಟ್ಟಬೇಕೆಂದು ಹೊರಟಾಗ, 1900ರಲ್ಲಿ ದೇಶವೆಲ್ಲ ಸುತ್ತಿ, ಅದಕ್ಕೆ ಬೆಂಗಳೂರೇ ತಕ್ಕ ಊರು ಅಂತ ಸಲಹೆ ಕೊಟ್ಟದ್ದು ಅವರೇ.

ಅಂಕಿ ಸರಿ ಇದ್ದರೂ ಅದು ಏನನ್ನು ಹೇಳುತ್ತಿದೆ ಅಂತ ತಿಳಿಯದಿದ್ದರೆ ಅನಾಹುತ ಆಗುತ್ತದೆ. ಹಾಲಿನಲ್ಲಿ ಪ್ರೋಟೀನ್ ಎಷ್ಟಿದೆ ಅಂತ ನೋಡುವ ಹಳೆಯ ವಿಧಾನ ಯೋಹಾನ್ ಕೆಲ್ಡಾಲ್ ಅವರದು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಲ್ಯಾಬಿನಲ್ಲಿ ರೂಪಿಸಿದ್ದು. ಅದು ಕೊನೆಗೆ ಟೈಟ್ರೇಶನ್ ಮಾಡಿ ಅಳೆಯುವುದು ನೈಟ್ರೋಜನ್. ಅದನ್ನು 6.38ರಿಂದ ಗುಣಿಸಿ ಹಾಲಿನ ಪ್ರೋಟೀನ್ ಅನ್ನುತ್ತೇವೆ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಹಾಕಿದರು. ಮೆಲಮೈನ್‌ನಲ್ಲಿ ಮೂರನೇ ಎರಡು ಭಾಗ ನೈಟ್ರೋಜನ್ನೇ. ಒಂದು ಗ್ರಾಂ ಹಾಕಿದರೆ ಲೆಕ್ಕದಲ್ಲಿ ನಾಲ್ಕು ಗ್ರಾಂಗೂ ಜಾಸ್ತಿ ಪ್ರೋಟೀನ್ ಕಾಣುತ್ತದೆ. ಸುಮಾರು ಮೂರು ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಕೂಸುಗಳು ಸತ್ತವು. ಅಲ್ಲಿ ಟೈಟ್ರೇಶನ್ ಸುಳ್ಳು ಹೇಳಲಿಲ್ಲ. ನೈಟ್ರೋಜನ್ ಎಷ್ಟು ಅಂತ ಸರಿಯಾಗಿಯೇ ಹೇಳಿತು. ಅದನ್ನು ಪ್ರೋಟೀನ್ ಅಂತ ಓದಿದವರು ಮನುಷ್ಯರು. ಈ ಕತೆಯನ್ನು ಪ್ರತಿ ಬ್ಯಾಚಿಗೂ ಹೇಳಬೇಕು ಅಂತ ನನ್ನ ಅನಿಸಿಕೆ.

ಹಾಗಾದರೆ ಕಾಲೇಜಿನಲ್ಲಿ ಏನು ಬದಲಾಗಬೇಕು? ನಾನು ಕೇಳುವುದು ಜಾಸ್ತಿ ಇಲ್ಲ. ಸಿ.ಬಿ.ಆರ್. ಕಾಲಂ ತೆಗೆಯಿರಿ. ಮೂರು ರೀಡಿಂಗ್ ಬಂದಂತೆ ಬರೆಸಿ, ಸರಾಸರಿ ತೆಗೆಸಿ, ಅವುಗಳ ನಡುವೆ ಎಷ್ಟು ಅಂತರ ಇದೆ ಅಂತ ಪಕ್ಕದಲ್ಲೇ ಬರೆಸಿ. ಅಂಕದ ದೊಡ್ಡ ಪಾಲು ಆಕೆಯ ರೀಡಿಂಗ್‌ಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅನ್ನುವುದಕ್ಕೆ ಇರಲಿ. ಜೊತೆಗೆ ಮೇಷ್ಟ್ರ ಎದುರಿಗೇ ಮಾಡಿಸಿ, ಇಲ್ಲವಾದರೆ ಮತ್ತೆ ಅಡ್ಜಸ್ಟ್ ಶುರುವಾಗುತ್ತದೆ. ಗೊತ್ತಿಲ್ಲದ ದ್ರಾವಣದ ಜೊತೆ ಗೊತ್ತಿರುವ ಒಂದು ದ್ರಾವಣವನ್ನೂ ಕೊಡಿ, ಜವೇರಿ ಬಜಾರಿನವರು ಕುಲುಮೆಗೆ ಗೊತ್ತಿರುವ ಚಿನ್ನ ಇಡುವಂತೆ. ಅದರಲ್ಲಿ ಎಷ್ಟು ಬಂತು ಅಂತ ನೋಡಿ ತನ್ನ ಕೈಯ ವಾಲು ಯಾವ ಕಡೆ ಅಂತ ಆಕೆಯೇ ತಿಳಿಯಲಿ. ಕ್ಯಾಲ್ಕುಲೇಟರ್ ಕೊಟ್ಟ 0.09876543 ಅನ್ನು ಹಾಗೇ ಬರೆದರೆ ಅಂಕ ಕಳೆಯಿರಿ. ನಾಲ್ಕನೇ ಅಂಕಿಯ ಆಚೆ ಬ್ಯೂರೆಟ್‌ಗೆ ಗೊತ್ತಿಲ್ಲ.

ಬ್ಯಾಚ್ ದೊಡ್ಡದು, ಸಮಯ ಇಲ್ಲ ಅನ್ನುತ್ತಾರೆ. ನಿಜ. ಹಾಗಿದ್ದರೆ ಹತ್ತು ಪ್ರಯೋಗದ ಜಾಗದಲ್ಲಿ ಐದು ಮಾಡಿಸಿ. ಐದನ್ನು ಪೂರ್ತಿ ಮಾಡಿಸಿ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಅವನ್ನೂ ಇಲ್ಲಿ ಹಾಕುತ್ತೇನೆ.

ಟಿ.ವೈ., ಅಂದರೆ ಡಿಗ್ರಿ ಮೂರನೇ ವರ್ಷದ ಹುಡುಗನೊಬ್ಬ ಕೇಳಿದ: "ಮೇಡಂ, ನೀವು ಹೇಳಿದ ಹಾಗೆ ಬಂದಂತೆ ಬರೆದರೆ ಈಗಿನ ಪರೀಕ್ಷೆಯಲ್ಲಿ ಅಂಕ ಹೋಗುತ್ತದಲ್ವಾ?"

ಹೋಗಬಹುದು ಮಗಾ. ಇಲ್ಲ ಅಂತ ಹೇಳಿದರೆ ನಾನೇ ಅಂಕಿ ಅಡ್ಜಸ್ಟ್ ಮಾಡಿದ ಹಾಗೆ. ಆದರೆ ಹೋಗದ ಹಾಗೆ ಮಾಡಿಕೊಳ್ಳುವುದು ನಿನ್ನ ಕೈಯಲ್ಲಿ ಬಹಳಷ್ಟಿದೆ. ಬ್ಯೂರೆಟ್ಟನ್ನು ಅದರಲ್ಲಿ ಹಾಕುವ ದ್ರಾವಣದಿಂದಲೇ ತೊಳೆ. ಫ್ಲಾಸ್ಕನ್ನು ಬರೀ ನೀರಿನಿಂದ ತೊಳೆ, ದ್ರಾವಣದಿಂದ ತೊಳೆಯಬೇಡ. ನಲ್ಲಿಯ ಕೆಳಗೆ ಗಾಳಿಗುಳ್ಳೆ ಇದೆಯಾ ನೋಡು. ಫನೆಲ್ ತೆಗೆದ ಮೇಲೆ ಶುರು ಮಾಡು. ದ್ರಾವಣ ಅಳೆದು ಬಿಡುವ ಗಾಜಿನ ನಳಿಕೆ ಇದೆಯಲ್ಲ, ಆ ಪಿಪೆಟ್‌ನ ಕೊನೆಯ ಹನಿಯನ್ನು ಊದಬೇಡ. ಕಣ್ಣು ಗೆರೆಯ ಮಟ್ಟಕ್ಕೆ ಇರಲಿ. ಪರ್ಮಾಂಗನೇಟ್ ಆದರೆ ಮೇಲಿನ ಅಂಚು ಓದು, ಉಳಿದದ್ದಕ್ಕೆ ಕೆಳಗಿನ ಬಾಗು. ಆಕ್ಸಲೇಟ್ ಜೊತೆ ಪರ್ಮಾಂಗನೇಟ್ ಮಾಡುವಾಗ ಮೊದಲ ಹನಿಯ ಬಣ್ಣ ಹೋಗಲು ತುಂಬ ಹೊತ್ತು ಹಿಡಿಯುತ್ತದೆ. ಗಾಬರಿಯಾಗಿ ಎಂಡ್ ಪಾಯಿಂಟ್ ಅಂದುಕೊಳ್ಳಬೇಡ. ಸ್ವಲ್ಪ ಮ್ಯಾಂಗನೀಸ್ ಹುಟ್ಟಿದ ಮೇಲೆ ಅದೇ ಕ್ರಿಯೆಯನ್ನು ಓಡಿಸುತ್ತದೆ. ಇಷ್ಟು ಮಾಡಿದರೆ ಬಂದಂತೆ ಬರೆದರೂ ಅಂಕ ಹೋಗುವುದು ಕಡಿಮೆ.

ಹೋಟೆಲ್ ನಡೆಸುವ ಹಿರಿಯರೊಬ್ಬರು ಎದ್ದು ನಿಂತರು: "ಮಗಳು ಇದನ್ನೇ ಎಂ.ಎಸ್ಸಿ.ಗೆ ತಗೊಳ್ತೇನೆ ಅಂತಾಳೆ. ಕೆಲಸ ಸಿಗ್ತದಾ ಮೇಡಂ?"

ಸಿಗುತ್ತದೆ ಅಣ್ಣಾ. ತಳೋಜ, ಅಂಬರನಾಥ, ತಾರಾಪುರದ ಕಡೆ ಔಷಧಿ ಮತ್ತು ಕೆಮಿಕಲ್ ಕಾರ್ಖಾನೆಗಳಲ್ಲಿ ಕ್ಯೂ.ಸಿ., ಅಂದರೆ ಗುಣಮಟ್ಟ ನೋಡುವ ವಿಭಾಗ ಇಲ್ಲದ ಜಾಗವೇ ಇಲ್ಲ. ಔಷಧಿಯಲ್ಲಿ ಹೇಳಿದಷ್ಟು ಮದ್ದು ಇದೆಯಾ ಅಂತ ನೋಡುವ ಎಷ್ಟೋ ಅಧಿಕೃತ ಪರೀಕ್ಷೆಗಳು ಇವತ್ತಿಗೂ ಟೈಟ್ರೇಶನ್ನೇ. ಅದಕ್ಕೆ ಬೇಕಾದ ದ್ರಾವಣಗಳನ್ನು ಮಾಡಿ, ಶಕ್ತಿ ಅಳೆದು, ಬಾಟಲಿಯ ಮೇಲೆ ಸಹಿ ಹಾಕುವವರು ಬೇಕು. ನಿಮ್ಮ ಮಗಳಿಗೆ ಆ ಸಹಿ ಅಂದರೇನು ಅಂತ ಗೊತ್ತಿದ್ದರೆ ಅವಳನ್ನು ಯಾರೂ ಬಿಡುವುದಿಲ್ಲ.

ಕೊನೆಗೆ ಎಫ್.ವೈ., ಅಂದರೆ ಮೊದಲ ವರ್ಷದ ಹುಡುಗಿಯೊಬ್ಬಳು: "ಮೇಡಂ, ಈ ವಾರವೇ ಏನಾದರೂ ಮಾಡಿ ನೋಡಬಹುದಾ?"

ಮಾಡಬಹುದು. ನಿನ್ನ 25 ಮಿಲಿ ಪಿಪೆಟ್ ತಗೋ. ಮುಚ್ಚಳ ಇರುವ ಒಣ ಬಾಟಲಿಯನ್ನು ತೂಗು. ಲ್ಯಾಬಿನಲ್ಲೇ ಒಂದು ಗಂಟೆ ಇಟ್ಟ ಡಿಸ್ಟಿಲ್ಡ್ ವಾಟರನ್ನು ಪಿಪೆಟ್‌ನಿಂದ ಅದಕ್ಕೆ ಬಿಟ್ಟು ಮತ್ತೆ ತೂಗು. ನೀರಿನ ಬಿಸಿ ನೋಡು. 27 ಡಿಗ್ರಿ ಇದ್ದರೆ ಸರಿಯಾದ ಪಿಪೆಟ್ ಕೊಡಬೇಕಾದ ನೀರು 24.89 ಗ್ರಾಂ. ನಿನಗೆ 24.75 ಬಂತು ಅನ್ನು. ಇನ್ನೆರಡು ಸಲ ಮಾಡಿ ನೋಡು. ಅಷ್ಟೇ ಬಂದರೆ ನಿನ್ನ ಪಿಪೆಟ್ ಕೊಡುವುದು 25 ಮಿಲಿ ಅಲ್ಲ, 24.86. ಪಿಪೆಟ್‌ನ ಮೇಲೆ ಒಂದು ಗುರುತು ಹಾಕಿ, ಆ ಅಂಕಿಯನ್ನು ಜರ್ನಲ್‌ನ ಮೊದಲ ಪುಟದಲ್ಲಿ ಬರಿ. ವರ್ಷವಿಡೀ ಲೆಕ್ಕಕ್ಕೆ 25ರ ಬದಲು ಅದನ್ನೇ ಹಾಕು. ಪಿಪೆಟ್ ಒಡೆದರೆ ಹೊಸದನ್ನು ಮತ್ತೆ ತೂಗು.